ಕಾಪಿ ಒಂದು

ಕರೆಂಟು ಹೋಗಿ ಬಂತು. ಕಂಪ್ಯೂಟರ್
ಮುಖ ತೊಳೆದುಕೊಂಡವರ ಹಾಗೆ ಎದ್ದಿತು.
ಪ್ರಿಂಟರ್ ಮಾತ್ರ ಹಸಿರು ದೀಪ ಹಚ್ಚಿಕೊಂಡೇ
ಮುನಿಸಿಕೊಂಡ ಓರಗಿತ್ತಿ.

ಶಿಡ್ಲಘಟ್ಟ, ಗೂಡು ಮಾರುಕಟ್ಟೆ ಎದುರು, ಹತ್ತೂವರೆ.
ರೀಲರ್ ಖಲಂದರ್ ಸಾಬರ ಲೈಸೆನ್ಸಿನ ಅರ್ಜಿ,
ಎರಡೇ ಹಾಳೆ. ಕೌಂಟರು ಹನ್ನೊಂದಕ್ಕೆ ಮುಚ್ಚುತ್ತೆ.

ವೈರು ಕಿತ್ತೆ, ಊದಿದೆ, ಚುಚ್ಚಿದೆ.
ಆಫ್ ಮಾಡಿ ನೂರು ಎಣಿಸಹೊರಟೆ,
ಅರವತ್ತಕ್ಕೇ ತಾಳ್ಮೆ ಕೆಟ್ಟಿತು.
‘ಆಫ್‌ಲೈನ್’ ಅನ್ನುತ್ತೆ ಪರದೆ.
ಗೇಣು ದೂರದಲ್ಲಿ ಕೂತಿದಾಳಲ್ಲೋ, ಕಣ್ಣಿಲ್ವಾ ನಿಂಗೆ?

ಬಿಸಿನೀರಲ್ಲಿ ನೆಂದು ಬಿಳಿಚಿದ ಬೆರಳು
ಗಾಜಿನ ಮೇಲೆ ಸುಮ್ಮನೆ ತಡವುತ್ತಿತ್ತು.
“ತುದಿ ಸಿಗೋವರ್ಗೂ ಅಷ್ಟೇನಮ್ಮಾ,
ಸಿಕ್ರೆ ತಾನೇ ಬಿಚ್ಕೊಳ್ತದೆ.”

ಸಿಕ್ಕಿತು, ಪಟ್ಟಿಯ ಅಡಿಯಲ್ಲಿ:
ಅದೇ ಪ್ರಿಂಟರ್, ಅದೇ ಹೆಸರು, ಬಾಲಕ್ಕೆ ‘ಕಾಪಿ ಒಂದು’.
ಎದ್ದ ಮಂಪರಿನಲ್ಲಿ ಹಳೆಯವಳ ಗುರುತು ಹತ್ತದೆ
ಹೊಸಬಳೆಂದು ಬರೆದುಕೊಂಡು
ಕಾಗದವನ್ನೆಲ್ಲ ಖಾಲಿ ಮನೆಗೆ ಕಳಿಸುತ್ತಿತ್ತು.

ಹಳೆ ಹೆಸರಿಗೆ ಹೊಸ ದಾರಿ ಕೂಡಿಸಿದೆ.
ಕೊರ್ರ್ ಎಂದಳು. ಆಮೇಲೆ ನಿಲ್ಲಲೇ ಇಲ್ಲ:
ಸಿಟ್ಟಲ್ಲಿ ಒತ್ತಿದ್ದಷ್ಟೂ ಸಲ
ಸಾಬರು, ಸಾಬರು, ಸಾಬರು,
ಪ್ರತಿ ಫೋಟೋದಲ್ಲೂ ಅದೇ ಅರೆಗಣ್ಣು.

ಎರಡಕ್ಕೆ ಕಾಸು ಕೊಟ್ಟು ಎರಡೇ ಒಯ್ದರು, ಓಡುತ್ತ.
ಮಿಕ್ಕ ಹತ್ತರ ಬೆನ್ನಿಗೆ ಅಂಗಡಿ ಲೆಕ್ಕ ಬರೆಯುತ್ತಿದ್ದೇನೆ.
ಮೊದಲ ಸಾಲು: ಯುಪಿಎಸ್.