ಉರಿಯದ ದೀಪ

ಕೀಲಿ ತಿರುಗಿಸು, ಎಂಜಿನ್ ಎಬ್ಬಿಸಬೇಡ,
ಎಂದ ಓತಿಯಾ ಮಾವ.
ಅರ್ಧಕ್ಕೇ ನಿಲ್ಲಿಸು. ಈಗ ನೋಡು.

ರುಸ್ತಾವಿಯ ಕಾರುಸಂತೆ. ಫೆಬ್ರವರಿಯ ಗಾಳಿಗೆ
ಗಾಜುಗಳ ಮೇಲೆ ಬೆಲೆಚೀಟಿಗಳ ಪಟಪಟ.
ಸಮುದ್ರ ದಾಟಿ ಬಂದವು ಎಲ್ಲವೂ,
ಎಲ್ಲೋ ಗುದ್ದಿದ್ದು, ಎಲ್ಲೋ ನೆರೆಯಲ್ಲಿ ಮುಳುಗಿದ್ದು,
ಇಲ್ಲಿ ಮುಖ ತೊಳೆದು, ಬಣ್ಣ ಬಳಿದುಕೊಂಡು
ವಧುಪರೀಕ್ಷೆಗೆ ನಿಂತಿವೆ ಸಾಲಾಗಿ.
ನನ್ನ ಒಳಜೇಬಲ್ಲಿ ಮೂರೂವರೆ ಸಾವಿರ ಡಾಲರ್:
ಎಂಟು ವರ್ಷ ರೊಟ್ಟಿಯೊಲೆಯ ಬಾಯಿಗೆ ಬಗ್ಗಿ ಬಗ್ಗಿ
ಹುಬ್ಬು ಸುಟ್ಟುಕೊಂಡದ್ದು.

ಮೊದಲು ನೋಡಿದ ಬೆಳ್ಳಿಬಣ್ಣದ್ದರಲ್ಲಿ
ದೀಪ ಉರಿಯುತ್ತಲೇ ಇತ್ತು,
ಎಂಜಿನ್ನಿನ ಆಕಾರದ್ದು, ಹಳದಿ,
ಆಮೆಗೆ ನಲ್ಲಿ ಸಿಕ್ಕಿಸಿದ ಹಾಗೆ.
‘ಅದಾ? ಬರೀ ಸೆನ್ಸರ್’ ಎಂದ ಗೇಲಾ,
ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ.
ನನಗೆ ಹಿಡಿಸಿದ್ದು ಪಕ್ಕದ ಕಪ್ಪು ಕಾರು.
ಒಂದು ಗೀರಿಲ್ಲ, ಒಂದು ದೀಪವಿಲ್ಲ,
ಸೀಟಿಗೆ ನಿಂಬೆಯ ವಾಸನೆ.

ಅದರ ಕೀಲಿಯನ್ನೇ ಈಗ ಅರ್ಧ ತಿರುಗಿಸಿ ಕೂತಿದ್ದೇನೆ.
ಶಾಲೆಯಲ್ಲಿ ಹಾಜರಿ ಕರೆದಂತೆ, ಎಂದ ಮಾವ,
ಎಲ್ಲವೂ ಒಮ್ಮೆ ಎದ್ದು ‘ಇದ್ದೇನೆ’ ಅನ್ನಬೇಕು,
ಆಮೇಲೆ ಬೇಕಾದರೆ ಮಲಗಲಿ.
ಎಣ್ಣೆಯ ಗಿಂಡಿ ಎದ್ದಿತು. ಬ್ಯಾಟರಿ ಎದ್ದಿತು.
ಮಡಿಲಲ್ಲಿ ಚೆಂಡು ಹೊತ್ತು ಕೂತ ಪುಟ್ಟ ಮನುಷ್ಯ ಎದ್ದ.
ಆಮೆ ಇರಬೇಕಾದ ಕಡೆ
ಕತ್ತಲೆ.

‘ಉರಿಯೋ ದೀಪ ನೋವು ಹೇಳುತ್ತೆ, ಲಮಾರಾ.
ಇದರ ನಾಲಗೆಯನ್ನೇ ಕಿತ್ತಿದ್ದಾರೆ.’
ಮಾರುವವನು ಆಕಾಶ ನೋಡಿದ,
ಅಲ್ಲಿ ಯಾರೋ ಕರೆದಂತೆ.

ಮರಳಿ ಬೆಳ್ಳಿಯದರ ಬಳಿಗೆ.
ಸ್ಟೇರಿಂಗಿನ ಕೆಳಗೆ ತನ್ನ ಪುಟ್ಟ ಪೆಟ್ಟಿಗೆ ಸಿಕ್ಕಿಸಿ
ನಾಡಿ ಹಿಡಿದವನಂತೆ ಕಣ್ಣು ಕಿರಿದುಮಾಡಿದ ಮಾವ.
ಪಿ, ಸೊನ್ನೆ, ನಾಲ್ಕು, ಎರಡು, ಸೊನ್ನೆ.
ಒದ್ದೆ ನೆಲದಲ್ಲಿ ಅಂಗಾತ ಮಲಗಿ
ಹೊಗೆಕೊಳವೆಗೆ ಬೆರಳ ಗೆಣ್ಣಿನಿಂದ ಬಡಿದ:
ಖಾಲಿ ಕೊಡದ ಸದ್ದು.
‘ಒಳಗಿನದನ್ನು ಯಾರೋ ಕದ್ದು ಮಾರಿಕೊಂಡಿದ್ದಾರೆ.
ಆದರೂ ನಿಜ ಹೇಳುತ್ತಿದೆ ಪಾಪ. ನಾನೂರು ಇಳಿಸು.’
ಗೇಲಾ ತಾಯಾಣೆ ಇಟ್ಟ, ತಲೆ ಚಚ್ಚಿಕೊಂಡ,
ಮುನ್ನೂರೈವತ್ತು ಇಳಿಸಿದ.

ನದಿಯ ಪಕ್ಕದ ರಸ್ತೆಯಲ್ಲಿ ವಾಪಸು ಹೊರಟೆವು.
ಹಳದಿ ಆಮೆ ನನ್ನ ಮುಂದೆ, ಸ್ಥಿರವಾಗಿ.
ಪಕ್ಕದಲ್ಲಿ ಮಾವ, ಕೋಟಿನೊಳಗೆ ಬಲಗೈ.
ಶರತ್ಕಾಲದಿಂದ ಹಾಗೇ ಇಡುತ್ತಾನೆ ಅದನ್ನು.
ನಮ್ಮ ಕಟ್ಟಡದ ಮೂರನೇ ಮಹಡಿಯ ತಿರುವಿನಲ್ಲಿ
ಕರೆಂಟಿನ ಮೀಟರುಗಳನ್ನೆಲ್ಲ ಓದುವವನಂತೆ ನಿಲ್ಲುತ್ತಾನೆ,
ಉಸಿರು ಬರುವ ತನಕ.

ಹೇಗಿದ್ದೀ ಮಾವ, ಎಂದೆ.
‘ನನಗೇನು? ಗುಂಡುಕಲ್ಲು.’
ಮುಖದಲ್ಲಿ ಏನೂ ಉರಿಯಲಿಲ್ಲ.

ಪಾಲಿಕ್ಲಿನಿಕ್ಕಿನ ಕಡೆಗೆ ಎಡಕ್ಕೆ ಹೊರಳಿಸಿದೆ.
‘ಮನೆ ಆ ಕಡೆ.’
ಪೆಟ್ರೋಲ್ ಹಾಕಿಸಬೇಕು, ಎಂದೆ.

ಬಾಗಿ ಮುಳ್ಳನ್ನು ನೋಡಿದ.
ಟ್ಯಾಂಕು ಮುಕ್ಕಾಲು ತುಂಬಿತ್ತು.
ನಲವತ್ತು ವರ್ಷ ಬಸ್ಸುಗಳ ಮುಳ್ಳು ಓದಿದವನು
ಏನೂ ಹೇಳದೆ
ಬೆಲ್ಟು ಸರಿಪಡಿಸಿಕೊಂಡು ಕೂತ.