ಮಾದರಿ ಉತ್ತರ

ಏಳನೇ ಕ್ಲಾಸು, ವಿಜ್ಞಾನ, ಇಪ್ಪತ್ತು ಅಂಕ.
ನಲವತ್ತೊಂದು ಪೇಪರು, ಒಂದು ಕೆಂಪು ಪೆನ್ನು,
ಪಕ್ಕದಲ್ಲಿ ಪೊಟ್ಟಣ: ಒಗ್ಗರಣೆ ಮಂಡಕ್ಕಿ, ಎರಡು ಮೆಣಸಿನಕಾಯಿ.
ಎಣ್ಣೆ ಆಗಲೇ ಕೊಟ್ರೇಶನ ಹೆಸರಿನ ಮೇಲೆ ಇಳಿದಿದೆ.
ಅರೆಪಾರದರ್ಶಕ ವಸ್ತುವಿಗೆ ಉದಾಹರಣೆ ಕೊಡಿ ಎಂದಿದ್ದೆ.
ಅವನು ಬರೆದಿಲ್ಲ,
ಅವನ ಹಾಳೆಯೇ ಆಗಿಬಿಟ್ಟಿದೆ.

ಹಾಲೇಶ ಜೀರ್ಣಾಂಗಗಳ ಚಿತ್ರಕ್ಕೆ ಕೈಹಾಕಿ
ಸಣ್ಣ ಕರುಳನ್ನು ಆರು ಮೀಟರಿನಷ್ಟೂ ಬಿಡದೆ
ಸುತ್ತಿ ಸುತ್ತಿ ಮಾರ್ಜಿನ್ ದಾಟಿಸಿ
ಹಿಂಬದಿಯ ಪುಟಕ್ಕೂ ಒಯ್ದಿದ್ದಾನೆ.
ಕೊನೆಗೆ, ಅಳುಮುಖದ ಅಕ್ಷರದಲ್ಲಿ:
"ದೊಡ್ಡ ಕರುಳಿಗೆ ಇನ್ನೊಂದು ಹಾಳಿ ಕೊಡ್ರಿ ಮಿಸ್."

ಶಬ್ದ ಎಲ್ಲಿ ಹರಡುವುದಿಲ್ಲ?
ನನಗೆ ಬೇಕಾದದ್ದು ಒಂದೇ ಪದ, ನಿರ್ವಾತ.
ಕೆಂಚಮ್ಮ ಬರೆದಿದ್ದಾಳೆ:
"ನಮ್ಮ ಮನ್ಯಾಗ. ಅಪ್ಪ ಬಂದ ಮ್ಯಾಲೆ."
ತಪ್ಪು ಹಾಕಲು ಹೋದ ಪೆನ್ನು ಅಲ್ಲೇ ಚುಕ್ಕೆಯಾಗಿ ನಿಂತಿತು.
ಆಮೇಲೆ ಆ ಚುಕ್ಕೆಯಿಂದಲೇ ಎಳೆದು
ಸೊನ್ನೆ ಮಾಡಿದೆ.
ಯಾಕೆ ಮಾಡಿದೆನೋ.
ಕೆಂಪು ಪೆನ್ನಿಗೆ ರಬ್ಬರಿಲ್ಲ.

ಗಂಟೆ ಹನ್ನೊಂದು. ಹರಿಹರದ ಕಡೆಯಿಂದ ಬಂದ ಗೂಡ್ಸು
ಸೇತುವೆಯ ಕೆಳಗೆ ಡಬ್ಬಿ ಎಣಿಸಿಕೊಂಡು ಹೋಗುತ್ತಿದೆ.
ಕಿಟಕಿ ತೆರೆದರೆ ಸುಟ್ಟ ಹೊಟ್ಟಿನ ವಾಸನೆ.
ಮುಚ್ಚಿದರೆ ಸೆಕೆ.

ಇದು ಜಬೀನಳ ಪೇಪರು, ಭಟ್ಟಿ ಸಾಲಿನ ಹುಡುಗಿ.
ತಿಂಗಳಿಗೆ ಹನ್ನೆರಡು ದಿನ ಹಾಜರಿ,
ಉಳಿದ ದಿನ ಜರಡಿ.
ಹದಿನಾಲ್ಕನೇ ಪ್ರಶ್ನೆ: ಉಷ್ಣ ಹರಡುವ ಮೂರು ವಿಧಾನಗಳನ್ನು
ಹೆಸರಿಸಿ, ಉದಾಹರಣೆ ಕೊಡಿ.
ಹೆಸರು ಒಂದೂ ಇಲ್ಲ. ಇರುವುದು ಇಷ್ಟು:

"ಒಂದು. ಬಾಣಲಿ ಮರಳಿಗೆ ಕೊಡತೈತಿ, ಮರಳು ಅಕ್ಕಿಗೆ ಕೊಡತೈತಿ.
ಎರಡು. ಕಾದ ಗಾಳಿ ಮ್ಯಾಲೆ ಹೋಗಿ ತಗಡಿಗೆ ಹತ್ತತೈತಿ,
ತಣ್ಣಂದು ಬಾಗಲ ಕೆಳಗಿಂದ ಬರತೈತಿ.
ಅದಕ್ಕ ತಮ್ಮನ್ನ ಬಾಗಲ ಕಡೀಗೆ ಮಲಗಸ್ತೀವಿ.
ಮೂರು. ಏನೂ ಮುಟ್ಟದಿದ್ರೂ ಭಟ್ಟಿ ಬಾಯಿ ಮುಂದ ಮುಖ ಸುಡತೈತಿ.
ಅಮ್ಮಿ ಯಾವಾಗಲೂ ಎಡಗಡೆ ಮುಖ ಕೊಡ್ತಾಳ.
ಆ ಕಣ್ಣು ಮೊದಲೇ ಕಾಣಂಗಿಲ್ಲ."

ನನ್ನ ಮಾದರಿ ಉತ್ತರದಲ್ಲಿ ಬರೆದಿದೆ:
ಹೆಸರಿಲ್ಲದಿದ್ದರೆ ಅರ್ಧ ಅಂಕ ಕಳೆಯಿರಿ. ಮೂರಕ್ಕೂ.
ಬರೆದವಳು ನಾನೇ, ಹೋದ ಶನಿವಾರ,
ಫ್ಯಾನಿನ ಕೆಳಗೆ ಕೂತು.
ವಹನ, ಸಂವಹನ, ವಿಕಿರಣ ಎಂದು ಅವಳ ಸಾಲುಗಳ ಪಕ್ಕ
ಸಣ್ಣದಾಗಿ ಬರೆದೆ,
ಕೂಸು ಹುಟ್ಟಿ ಹನ್ನೆರಡು ವರ್ಷದ ಮೇಲೆ
ಹೆಸರಿಡಲು ಬಂದ ಸೋದರತ್ತೆಯ ಹಾಗೆ.
ಮೂರಕ್ಕೆ ಮೂರು.

ಮುಗಿಯಿತೆಂದು ಹಾಳೆ ಮಗುಚಿದರೆ
ಹಿಂದೆ ಒಂದು ಪ್ರಶ್ನೆ. ನಾನು ಕೇಳಿದ್ದಲ್ಲ:
"ಮಿಸ್, ಅದೇ ಬೆಂಕಿ, ಅದೇ ಮರಳು,
ಒಂದೇ ಚೀಲದ ಅಕ್ಕಿ.
ಕೆಲವು ಕಾಳು ಯಾಕ ಅರಳಂಗಿಲ್ಲ?
ಸಾವಕಾರ್ರು ಅದನ್ನ ನಮ್ಮ ಲೆಕ್ಕದಾಗ ಮುರೀತಾರ."

ಕಾಳಿನೊಳಗಿನ ನೀರು ಹಬೆಯಾಗಿ ಒತ್ತುತ್ತದೆ, ಅರಳುತ್ತದೆ,
ಅಷ್ಟು ಗೊತ್ತು.
ಬಿರುಕು ಬಿಟ್ಟ ಕಾಳಲ್ಲಿ ಹಬೆ ನಿಲ್ಲುವುದಿಲ್ಲವೇನೋ,
ಎಲ್ಲೋ ಓದಿದ ನೆನಪು. ಖಾತ್ರಿಯಿಲ್ಲ.
ಬಿ.ಎಸ್ಸಿ. ಪುಸ್ತಕದಲ್ಲಿ ಹುಡುಕಿದೆ. ಇಲ್ಲ.
ಪೊಟ್ಟಣದ ತಳದಲ್ಲಿ ಅಂಥವೇ ನಾಲ್ಕು ಉಳಿದಿದ್ದವು.
ಒಂದನ್ನು ಹಲ್ಲಿಗಿಟ್ಟೆ. ಕಟ್ ಎಂದಿತು,
ಕಾಳೋ ಹಲ್ಲೋ ತಿಳಿಯಲಿಲ್ಲ.

ಮೂರನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದೇನೆ.
ಶಾಲೆಯಲ್ಲಿ ಭೂತಗನ್ನಡಿಯಿದೆ, ಎರಡು,
ಇಲಾಖೆ ಕಳಿಸಿದ ಕಿಟ್ಟಿನಲ್ಲಿ, ಪ್ಲಾಸ್ಟಿಕ್ಕು ಬಿಚ್ಚದೆ,
ಬೀರುವಿನ ಮೇಲಿನ ಅರೆಯಲ್ಲಿ.
ಬೀರುವಿನ ಕೀಲಿ ಹೆಡ್‌ಮಾಸ್ತರ ಹತ್ತಿರ.
ಹೆಡ್‌ಮಾಸ್ತರು ಟ್ರೇನಿಂಗಿನಲ್ಲಿ, ಗುರುವಾರದ ತನಕ.

ಗುರುವಾರ ಜಬೀನ ಬರಬೇಕು.