ಮೂರನೇ ಎಲೆ

ಭಾನುವಾರ ಶಾಲೆಯಿಲ್ಲ.
ಫೋನು ಚಾರ್ಜು ಮಾಡಿಕೊಂಡು
ಸೋಲಾಪುರದ ಹಳೇ ಪೇಠಗಳಿಗೆ ಹೊರಡುತ್ತೇನೆ,
ಕಟಾಂಜನ ನೋಡಲು.

ಅವ್ವ ಕಲಿಸಿದ ಮಾತು ಅದು, ಕಟಾಂಜನ.
ಬಾಜೂಮನೆಯವರಿಗೆ ಕಠಡಾ.
ಕಬ್ಬಿಣಕ್ಕೆ ಎರಡೂ ಒಂದೇ,
ಬಿಸಿಲು ಬಿದ್ದರೆ ಕಾಯುತ್ತದೆ.

ವಿಜ್ಞಾನ ಕಲಿಸುವ ನೀಲಾಂಬಿಕಾ ಬಿರಾಜದಾರ
ಬೇಸಿಗೆ ರಜೆಗೆ ವಿಯೆನ್ನಾಕ್ಕೆ ಹೋಗಿ ಬಂದು
ಸ್ಟಾಫ್ ರೂಮಿನಲ್ಲಿ ಫೋಟೋ ತೋರಿಸಿದಳು:
ಬೇಲಿಗಳು. ಬರೀ ಬೇಲಿಗಳು.
ಸುತ್ತಿಕೊಂಡ ಕಬ್ಬಿಣ, ಸೀಳಿಕೊಂಡ ಕಬ್ಬಿಣ,
ಮೊಗ್ಗಿನ ತುದಿಗೆ ಚಿನ್ನದ ಬಣ್ಣ ಬಳಿದ ಕಬ್ಬಿಣ.
"ಇಂಥಾವು ನಮ್ಮಲ್ಲಿ ಎಲ್ಲಿ ಬರಬೇಕ್ರಿ" ಅಂದಳು,
ಶೇಂಗಾ ಚಟ್ನಿ ಡಬ್ಬಿಯ ಮುಚ್ಚಳ ತಿರುವುತ್ತ.

ಚಿತ್ರಕಲಾ ಶಿಕ್ಷಕಿ ನಾನು. ಸಿಟ್ಟು ಬಂತು.
ಅಂದಿನಿಂದ ಶುರು.

ಸುಲಭದ ಕೆಲಸವಲ್ಲ.
ಮುಂದೆ ಕೇಬಲ್ಲು ಜೋತಿರುತ್ತದೆ, ಟವೆಲ್ಲು ಒಣಗುತ್ತಿರುತ್ತದೆ,
ಕಮಲದ ದಂಟಿಗೆ ಯಾರೋ ಸ್ಕೂಟರಿನ ಕನ್ನಡಿ ಕಟ್ಟಿರುತ್ತಾರೆ.
"ಮುನಿಸಿಪಾಲ್ಟಿಯವ್ರೇನು? ಕೆಡವ್ತೀರೇನು?" ಅಂತ
ಒಬ್ಬ ಕಿಟಕಿ ಬಡಿದ.
ಒಬ್ಬಾಕೆ ತಾಳು ಅಂದು ಒಳಗೆ ಹೋಗಿ
ತಲೆ ಬಾಚಿಕೊಂಡು ಬಂದು
ಕಬ್ಬಿಣದ ನವಿಲಿಗೆ ಅಡ್ಡ ನಿಂತಳು.
ಆ ಫೋಟೋದಲ್ಲಿ ನವಿಲಿಲ್ಲ.
ಅಳಿಸಿಲ್ಲ ಅದನ್ನು.

ನೂಲಿನ ಸಾವಕಾರನ ಮನೆ ಸಿಕ್ಕಿದ್ದು ಆಗಸ್ಟಿನಲ್ಲಿ.
ಬೀಗ. ಮುಂದೆ ಎತ್ತರದ ಕಟ್ಟೆ,
ಕಟ್ಟೆಯುದ್ದಕ್ಕೆ ಒಂದು ಬಳ್ಳಿ, ಹನ್ನೊಂದು ಎಲೆ.
ಎರಕ ಹೊಯ್ದವನ ಹೆಸರು ಬಣ್ಣದ ಪದರಿನಡಿ ಹೂತುಹೋಗಿದೆ.
ಮೂರನೇ ಎಲೆ ಮಾತ್ರ ಸೊಟ್ಟ,
ಕಿವಿ ಹಿಂಡಿದ ಹಾಗೆ.

ತುಕ್ಕಿರಬೇಕು ಅಂದುಕೊಂಡು
ಆ ಎಲೆ ಬಿಟ್ಟು ಚೌಕಟ್ಟು ಹೊಂದಿಸುತ್ತಿದ್ದೆ.
"ಆ ಆಕು ಯಾಕ ಬಿಡ್ತಿ?"

ಚಹದಂಗಡಿಯ ಬೆಂಚಿನಿಂದ. ಮುದುಕ.
ಬಟ್ಟಲಿನ ಚಹ ಬಸಿಗೆ ಹೊಯ್ದು ಊದುತ್ತಿದ್ದ.
ರಾಜಮಲ್ಲು ಗಡ್ಡಂ. ಎಲೆ ಅವನಿಗೆ ಆಕು,
ಮನೆಯಲ್ಲಿ ತೆಲುಗು, ಗಿರಣಿಯಲ್ಲಿ ಮರಾಠಿ,
ನನ್ನ ಜೊತೆ ಅವೆರಡರ ನಡುವಿನ ಸಂದಿಯಲ್ಲಿ ಸಿಕ್ಕ ಕನ್ನಡ.

ಎಂಟು ವರ್ಷದವ ಇದ್ದನಂತೆ.
ಅಪ್ಪ ನೂಲಿಗೆ ಕೈಚಾಚಿ ಕಟ್ಟೆಯ ಕೆಳಗೆ ನಿಂತಿದ್ದ.
ಒಳಗೆ ಏನೋ ತಿರುಗುತ್ತಿತ್ತು, ತಾನಾಗಿಯೇ, ಮಾಳಿಗೆಗೆ ನೇತಾಡಿ.
ಪಂಖಾ ಅಂತ ಆಮೇಲೆ ಗೊತ್ತಾದದ್ದು.
ಬಳ್ಳಿಯೊಳಗೆ ತಲೆ ತೂರಿಸಿದ.
ತಲೆ ಹೋಯಿತು. ಕಿವಿ ವಾಪಸು ಬರಲಿಲ್ಲ.

ಶೇಂಗಾ ಎಣ್ಣೆ ಹಚ್ಚಿದರು. ಬೈದರು. ಮತ್ತೆ ಹಚ್ಚಿದರು.
ಕುದುರೆಗೆ ಲಾಳ ಹೊಡೆಯುವ ಇಮಾಮಸಾಬನನ್ನು ಕರೆತಂದರು.
ಅವನು ಒದ್ದೆ ಚಿಂದಿ ಸುತ್ತಿ
"ಕಣ್ಣು ಮುಚ್ಚು ಬೇಟಾ, ಎಣಿಸು" ಅಂದ.
"ಮೂರಕ್ಕ ಬಿಡಿಸಿದ" ಅಂದ ಮುದುಕ,
ಎಡಗಿವಿ ಮುಟ್ಟಿಕೊಂಡು.

ಸಾವಕಾರ ಎಲೆಯ ಕಿಮ್ಮತ್ತು
ಅಪ್ಪನ ಖಾತೆಗೆ ಬರೆದ. ಹದಿನಾಲ್ಕಾಣೆ.

ಆಮೇಲೆ?
ಆಮೇಲೆ ಏನಿಲ್ಲ. ಗಿರಣಿ ಸೇರಿದೆ.
ಜಕಾರ್ಡಿನ ಕಾರ್ಡಿಗೆ ತೂತು ಹೊಡೆಯುವ ಕೆಲಸ.
ಭೋಂಗಾ ಕೂಗೋದು ನಿಂತ ಮೇಲೆ ಚಹ ಕುಡಿಯುವ ಕೆಲಸ.

ಹನ್ನೊಂದೂ ಎಲೆ ತೆಗೆದುಕೊಂಡೆ ಒಂದೇ ಚೌಕಟ್ಟಿನಲ್ಲಿ.

ದೀಪಾವಳಿ ಕಳೆದು ಹೋದರೆ ಕಟ್ಟೆ ಬೋಳು.
ಕಬ್ಬಿಣ ಗುಜರಿಗೆ ಹೋಯಿತು, ಕಿಲೋಕ್ಕೆ ಇಷ್ಟು ಅಂತ.
ಬೆಂಚೂ ಖಾಲಿ.
ಚಹದವನನ್ನು ಕೇಳಬೇಕೆಂದು ನಿಂತೆ,
ಒಂದು ಚಹ ಹೇಳಿದೆ,
ಕೇಳಲಿಲ್ಲ.

ಡಿಸೆಂಬರು. ಅಕ್ಕಲಕೋಟದಿಂದ ಅಕ್ಕ ಬಂದಳು,
ಜೊತೆಗೆ ಮೊಮ್ಮಗ. ಚಳಿ.
ಅವ್ವನ ಕಾಲದ ಚಾದರ ಅಟ್ಟದಿಂದ ಇಳಿಸಿ
ಎರಡು ಸಲ ಕೊಡವಿದೆ, ಡಾಂಬರು ಗುಳಿಗೆ ಉದುರಿತು.

ಕೆಂಪಿನ ಮೇಲೆ ಕಪ್ಪು ಅಂಚು.
ಬಳ್ಳಿ.
ಒಂದು, ಎರಡು,
ಮೂರನೆಯದು ಸೊಟ್ಟ.

ನಾಲ್ಕರಿಂದ ಹನ್ನೊಂದರವರೆಗೆ ನೆಟ್ಟಗೆ.
ಮತ್ತೆ ಒಂದು, ಎರಡು, ಸೊಟ್ಟ.
ಮೂಲೆ ತಿರುಗಿತು ಬಳ್ಳಿ, ಮತ್ತೆ ಸೊಟ್ಟ.
ಈ ಹೊದಿಕೆಯಡಿ ನಾನು ಜ್ವರದಲ್ಲಿ ಮಲಗಿದ್ದೇನೆ,
ಪರೀಕ್ಷೆಗೆ ಓದಿದ್ದೇನೆ,
ಅವ್ವನನ್ನು ಕೊನೆಗೆ ಹೊದಿಸಿದ್ದೇನೆ.
ಎಣಿಸಿರಲಿಲ್ಲ.
ಎಷ್ಟು ಥಾನು ನೇಯ್ದರೋ, ಎಷ್ಟು ಊರಿಗೆ ಹೋದವೋ,
ಹದಿನಾಲ್ಕಾಣೆಯ ಎಲೆ.

ಫೋನು ಕೈಗೆ ತೆಗೆದುಕೊಂಡೆ.
"ಅಂಚು ತಲೀ ಕಡೆ ಬರಬೇಕೋ ಕಾಲ ಕಡೆನೋ?"
ಹುಡುಗ ನಡುಗುತ್ತ ಕೇಳಿದ.

ತಲೀ ಕಡೆ, ಅಂದೆ,
ಕಿವಿ ಮುಚ್ಚುವ ಹಾಗೆ ಎಳೆದುಕೋ.